ಬೀಜಕ್ಕೆ ಬಿಟ್ಟ ಹೂವು

ದುಡ್ಡಿಲ್ಲದೆ ಹೂದೋಟ ಮಾಡುವುದು ಹೇಗೆಂದು ವಿಡಿಯೋ ಮಾಡಿ ಹಾಕುವವರೆಲ್ಲರ ಬಳಿ ದುಡ್ಡಿದೆ. ಒಂದು ಇಡೀ ಚಳಿಗಾಲ ಅಂಥ ವಿಡಿಯೋಗಳನ್ನು ನೋಡಿ ನಾನು ಕಲಿತದ್ದು ಇಷ್ಟೇ. ಒಬ್ಬಳು ಹಲ್ಲು ಕಿರಿಯುತ್ತ ಹೇಳುತ್ತಾಳೆ, ನಿಮ್ಮ ಗ್ಯಾರೇಜಿನಲ್ಲಿ ಸುಮ್ಮನೆ ಬಿದ್ದಿರುವ ಮರದ ಹಲಗೆಗಳನ್ನು ತೆಗೆದುಕೊಳ್ಳಿ ಎಂದು. ನನಗೆ ಹಲಗೆಯಿರಲಿ, ಗ್ಯಾರೇಜೇ ಇರಲಿಲ್ಲ. ಇನ್ನೊಬ್ಬಳು ಟ್ರಕ್ಕಿನ ತುಂಬ ಗೊಬ್ಬರ ತರಿಸಿ, ನೋಡಿ ಎಷ್ಟು ಸುಲಭ ಎನ್ನುತ್ತಾಳೆ. ನೋಡುತ್ತ ನೋಡುತ್ತ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಮುಂದಿನದನ್ನು ಒತ್ತುತ್ತಿದ್ದೆ, ಯಾಕೆಂದರೆ ಆ ಚಳಿಗಾಲದ ರಾತ್ರಿಗಳಲ್ಲಿ ನನಗೆ ಬೇರೇನೂ ಕೆಲಸವಿರಲಿಲ್ಲ, ಮತ್ತು ಪಕ್ಕದ ಕೋಣೆಯಲ್ಲಿ ಮಲಗಿದ್ದವರನ್ನು ನೋಡುವುದಕ್ಕಿಂತ ಇದೇ ವಾಸಿಯಾಗಿತ್ತು.

ಮಲಗಿದ್ದವರು ನನ್ನ ಗಂಡ. ೨೦೨೩ರಲ್ಲಿ ಅಮೆರಿಕದ ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ ಅವರ ಕೆಲಸ ಹೋಯಿತು. ಹದಿನಾಲ್ಕು ವರ್ಷ ದುಡಿದ ಕಂಪನಿಯವರು ಒಂದು ಬೆಳಗ್ಗೆ ಹತ್ತು ನಿಮಿಷದ ವಿಡಿಯೋ ಕರೆಯಲ್ಲಿ ಮುಗಿಸಿದರು. ಗ್ರೀನ್ ಕಾರ್ಡ್ ಬಂದಿದ್ದರಿಂದ ದೇಶ ಬಿಡಬೇಕಾಗಲಿಲ್ಲ, ಅಷ್ಟೇ ಪುಣ್ಯ. ಮಗಳು ಶಾರ್ಲೆಟ್‌ನಲ್ಲಿ ಕಾಲೇಜಿನಲ್ಲಿದ್ದಳು, ಅವಳ ಫೀಸು ಕಟ್ಟಲೇಬೇಕು. ವರ್ಜೀನಿಯಾದ ಬಾಡಿಗೆ ಕೊಡಲಾಗದೆ ಜಾರ್ಜಿಯಾಕ್ಕೆ ಬಂದೆವು. ಲಾರೆನ್ಸ್‌ವಿಲ್‌ನಲ್ಲಿ ಧಾರವಾಡ ಕಡೆಯ ವಯಸ್ಸಾದ ಡಾಕ್ಟರ್ ದಂಪತಿಗಳ ಮನೆಯ ಬೇಸ್‌ಮೆಂಟ್ ಸಿಕ್ಕಿತು. ಇಳಿಜಾರಿನಲ್ಲಿ ಕಟ್ಟಿದ ಮನೆ. ಮುಂದಿನಿಂದ ನೋಡಿದರೆ ನಾವು ನೆಲದೊಳಗೆ, ಹಿಂದಿನಿಂದ ನೋಡಿದರೆ ನಮಗೂ ಒಂದು ಬಾಗಿಲು, ಬಾಗಿಲಾಚೆ ಒಂದು ತುಂಡು ಹಿತ್ತಿಲು.

ಬಂದ ದಿನದಿಂದ ನನ್ನ ಗಂಡ ಮಲಗಿದರು. ಜ್ವರವಲ್ಲ, ನೋವಲ್ಲ. ಮೊದಮೊದಲು ಅರ್ಜಿ ಹಾಕುತ್ತಿದ್ದರು, ಆಮೇಲೆ ಅದೂ ನಿಂತಿತು. ಹತ್ತು ಗಂಟೆಗೆ ಎದ್ದು ಕಾಫಿ ಕುಡಿದು ಮತ್ತೆ ಹೊದ್ದುಕೊಳ್ಳುವುದು. ನಾನು ಮೊದಲು ಸಮಾಧಾನ ಹೇಳಿದೆ, ಆಮೇಲೆ ಬೈದೆ, ಆಮೇಲೆ ಮಾತು ಬಿಟ್ಟೆ. ಗಂಡಸು ಹೀಗೆ ಮಲಗಿದರೆ ಹೆಂಗಸಿಗೆ ಕನಿಕರ ಬರುತ್ತದೆ ಎನ್ನುತ್ತಾರಲ್ಲ, ನನಗೆ ಬಂದದ್ದು ಬರೀ ಸಿಟ್ಟು. ಮಲಗಲು ನನಗೂ ಬರುತ್ತಿತ್ತು, ಯಾರೂ ಬಿಡಲಿಲ್ಲ ಅಷ್ಟೇ.

ನಾನು ನಾರ್‌ಕ್ರಾಸ್‌ನ ಒಂದು ಇಂಡಿಯನ್ ಗ್ರೋಸರಿಯಲ್ಲಿ ಕೆಲಸಕ್ಕೆ ಸೇರಿದೆ. ದೀಪಾವಳಿ ಮುಗಿದ ಮರುವಾರ ಅಲ್ಲಿ ಮಾರಾಟವಾಗದ ಚೆಂಡುಹೂವಿನ ಹಾರಗಳು ಒಂದು ರಾಶಿ ಬಿದ್ದಿದ್ದವು, ಕೆಲವು ಕೊಳೆತು, ಕೆಲವು ಒಣಗಿ. ಎಸೆಯಲು ನನಗೇ ಹೇಳಿದರು. ಒಣಗಿದ್ದನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿಕೊಂಡು ಮನೆಗೆ ತಂದೆ. ಬೇಸ್‌ಮೆಂಟಿನ ಹೀಟರ್ ಪಕ್ಕದಲ್ಲಿ ಹಳೆಯ ಸೀರೆಯ ಮೇಲೆ ಹರಡಿದೆ. ತಿಂಗಳಾದ ಮೇಲೆ ಒಂದೊಂದೇ ಹೂವನ್ನು ಬಿಡಿಸಿದರೆ ಒಳಗೆ ಕಪ್ಪು ಸೂಜಿಗಳ ಹಾಗೆ ಬೀಜ. ಅರ್ಧಕ್ಕರ್ಧ ಜೊಳ್ಳು. ಹೂವನ್ನು ಬಲಿಯುವ ಮೊದಲೇ ಕೊಯ್ದಿರುತ್ತಾರೆ, ಇನ್ನೇನಾಗುತ್ತದೆ! ಗಟ್ಟಿಯಾದವನ್ನು ಆರಿಸಿ ಒಂದು ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿಟ್ಟೆ.

ಹಿತ್ತಿಲಲ್ಲಿ ಗಿಡ ಹಾಕುತ್ತೇನೆಂದು ಮೇಲಿನ ಮನೆಯ ಡಾಕ್ಟರ್ ಆಂಟಿಯನ್ನು ಕೇಳಿದಾಗ ಅವರು ದೊಡ್ಡ ಮನಸ್ಸಿನಿಂದ ಒಪ್ಪಿದರು. ಅವರದೆಲ್ಲವೂ ದೊಡ್ಡ ಮನಸ್ಸೇ. ಬಾಡಿಗೆ ಕಡಿಮೆ, ಹಬ್ಬಕ್ಕೆ ಹೋಳಿಗೆ, ಚಳಿಗೆ ಹಳೆಯ ಕಂಬಳಿ. ಕಡಿಮೆ ಬಾಡಿಗೆ ತೆಗೆದುಕೊಳ್ಳುವವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಅದಕ್ಕೇ ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

“ಹಾಕವಾ, ಹಾಕು. ಮುಂದಿನ ಕಡೆ ಬ್ಯಾಡ, ಎಚ್‌ಒಎದವರು ಲೆಟರ್ ಕಳಸ್ತಾರ. ಹಿಂದ ಏನರ ಮಾಡ್ಕೋ” ಎಂದರು. ಬಡಾವಣೆಯ ಮನೆಗಳ ಮುಂಭಾಗದ ಮೇಲೆ ಕಣ್ಣಿಟ್ಟಿರುವ ಸಂಘ ಅದು.

ಜಾರ್ಜಿಯಾದ ಕೆಮ್ಮಣ್ಣಿಗೆ ಬೈಯದೆ ಇರಲು ಸಾಧ್ಯವಿಲ್ಲ. ಮಳೆ ಬಿದ್ದರೆ ಕಾಲಿಗಂಟಿ ಚಪ್ಪಲಿ ಬಿಡುವುದಿಲ್ಲ, ಎರಡು ದಿನ ಬಿಸಿಲು ಕಾದರೆ ಇಟ್ಟಿಗೆ. ಅಂಕಲ್ ಅವರ ಗ್ಯಾರೇಜಿನಿಂದ ತಂದ ಸಲಿಕೆಯ ಹಿಡಿ ಮೂರನೇ ಏಟಿಗೇ ಮುರಿಯಿತು. ಅಗೆಯುವುದನ್ನು ಬಿಟ್ಟೆ. ಅಂಗಡಿಯಿಂದ ದಿನಕ್ಕೆರಡು ಮಾವಿನಹಣ್ಣಿನ ಖಾಲಿ ಡಬ್ಬ ತಂದು, ಬಿಚ್ಚಿ, ರಟ್ಟನ್ನು ಹುಲ್ಲಿನ ಮೇಲೆ ಹಾಸಿದೆ. ಅದರ ಮೇಲೆ ಅಂಗಡಿಯಲ್ಲಿ ಎಸೆಯುವ ಸೊಪ್ಪಿನ ಕಡ್ಡಿ, ಕೊಳೆತ ಸೋರೆಕಾಯಿ, ಕಾಫಿ ಚರಟ. ಅಮೆರಿಕದವರು ತರಗೆಲೆಯನ್ನು ಗುಡಿಸಿ ಕಾಗದದ ಚೀಲಕ್ಕೆ ತುಂಬಿ ರಸ್ತೆಯ ಪಕ್ಕದಲ್ಲಿಡುತ್ತಾರೆ, ಆಮೇಲೆ ಅಂಗಡಿಗೆ ಹೋಗಿ ಗೊಬ್ಬರ ಕೊಳ್ಳುತ್ತಾರೆ. ಆ ಚೀಲಗಳನ್ನು ಕಾರಿನಲ್ಲಿ ಹೇರಿಕೊಂಡು ಬರತೊಡಗಿದೆ. ಹರಿದ ಅಕ್ಕಿ ಚೀಲಗಳಲ್ಲಿ ಮಣ್ಣು ತುಂಬಿ ಗೋಡೆಯ ಪಕ್ಕ ಸಾಲಾಗಿ ನಿಲ್ಲಿಸಿದೆ. ನೋಡಲು ತಿಪ್ಪೆಯಂತೆಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಶನಿವಾರ ನಾನು ತರಗೆಲೆ ಚೀಲವನ್ನು ಡಿಕ್ಕಿಯಿಂದ ಎಳೆಯುತ್ತಿದ್ದಾಗ ಅದು ಹರಿದು ಡ್ರೈವ್‌ವೇ ತುಂಬ ಚೆಲ್ಲಿತು. ನಾನು ಜೋರಾಗಿ ಯಾರ್‍ಯಾರನ್ನೋ ಬೈದೆ. ಹಿಂದಿನಿಂದ ಯಾರೋ ಬಗ್ಗಿ ಎಲೆ ಬಾಚತೊಡಗಿದರು. ನೋಡಿದರೆ ನನ್ನ ಗಂಡ, ಲುಂಗಿಯ ಮೇಲೆ ಸ್ವೆಟರ್ ಹಾಕಿಕೊಂಡು.

“ಎತ್ತೋಕೆ ಆಗಲ್ಲ ಅಂದ್ರೆ ಕರೀಬಾರ್ದಾ?” ಎಂದರು.

“ಕರೆದ್ರೆ ಎದ್ದು ಬರ್ತಿದ್ರಾ?”

ಅವರು ಎಲೆಯನ್ನೆಲ್ಲ ಬಾಚಿ ಹಿತ್ತಿಲಿಗೆ ಹೊತ್ತುಕೊಂಡು ಹೋದರು. ಮರುದಿನ ನಾನು ಕೇಳದೆಯೇ ಅವರೇ ಕಾರು ತೆಗೆದುಕೊಂಡು ಹೋಗಿ ಆರು ಚೀಲ ತಂದರು.

ಏಪ್ರಿಲ್‌ನಲ್ಲಿ ಮೊಸರಿನ ಡಬ್ಬಿಗಳಲ್ಲಿ ಬೀಜ ಹಾಕಿದೆವು. ಹಾಕಿದ್ದರಲ್ಲಿ ಕಾಲುಭಾಗ ಹುಟ್ಟಿತು. ನಾನು ಹುಟ್ಟದವನ್ನು ಬೈಯುತ್ತ ಕೂತೆ, ಅವರು ಹುಟ್ಟಿದವನ್ನು ದಿನಕ್ಕೆ ನಾಲ್ಕು ಸಲ ನೋಡಿದರು. ದೋಸೆ ಮಗುಚುವ ಸಟ್ಟುಗದಿಂದ ಸಸಿಗಳನ್ನು ಎತ್ತಿ ನೆಟ್ಟರು. ಮೇಲಿನ ನಲ್ಲಿಗೆ ಪೈಪು ಹಾಕಲು ಆಂಟಿಯನ್ನು ಕೇಳುವುದು ನನಗೆ ಇಷ್ಟವಿರಲಿಲ್ಲ, ಆದ್ದರಿಂದ ನಮ್ಮ ಬಚ್ಚಲಿನಿಂದ ಬಕೆಟಿನಲ್ಲಿ ನೀರು. ಬಿಸಿಲೇರುವ ಮುಂಚೆ ಹಾಕಬೇಕೆಂದು ಅವರು ಆರು ಗಂಟೆಗೆ ಏಳತೊಡಗಿದರು. ಎದ್ದವರು ಸ್ನಾನ ಮಾಡುತ್ತಿದ್ದರು, ಗಡ್ಡ ಕೆರೆಯುತ್ತಿದ್ದರು, ಒಂಬತ್ತು ಗಂಟೆಗೆ ಲ್ಯಾಪ್‌ಟಾಪ್ ತೆರೆಯುತ್ತಿದ್ದರು. ಜೂನ್‌ನಲ್ಲಿ ಮೊದಲ ಇಂಟರ್‌ವ್ಯೂ ಬಂತು. ಸಿಗಲಿಲ್ಲ. ಆದರೂ ಮರುದಿನ ಆರಕ್ಕೆ ಬಕೆಟ್ ಸದ್ದು ಕೇಳಿಸಿತು, ಮತ್ತು ನಾನು ಹಾಸಿಗೆಯಲ್ಲೇ ಸ್ವಲ್ಪ ಅತ್ತೆ. ಈ ಗಿಡಗಳು ಸತ್ತರೆ ಮನುಷ್ಯ ಮತ್ತೆ ಮಲಗುತ್ತಾನೆ ಎಂದು ನನಗೆ ಆ ದಿನವೇ ಗೊತ್ತಾಗಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಮಾಡಿದ್ದನ್ನು ನಾನು ಗೊತ್ತಿಲ್ಲದೆ ಮಾಡಲಿಲ್ಲ.

ಜುಲೈಗೆ ಹೂ ಬಂತು. ಕೇಸರಿ, ಹಳದಿ, ಕೆಲವು ಮುಷ್ಟಿಯಷ್ಟು ದಪ್ಪ. ಬೀದಿಯ ರೋಜಾಗಿಡಗಳನ್ನೆಲ್ಲ ಮೇಯುವ ಜಿಂಕೆಗಳು ಇವುಗಳ ವಾಸನೆಗೆ ಮೂಗು ತಿರುಗಿಸಿಕೊಂಡು ಹೋದವು. ಜಿಂಕೆ ತಿನ್ನದ್ದನ್ನು ಆಂಟಿ ಕೊಯ್ದರು.

ಬೆಳಗ್ಗೆ ಆರೂವರೆಗೆ, ತಲೆಗೆ ಸ್ನಾನ ಮಾಡಿ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಸ್ಟೀಲಿನ ಬುಟ್ಟಿ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದರು. ಬಾಯಲ್ಲಿ ಸ್ತೋತ್ರ. ಕೇಳುವುದಿಲ್ಲ, ಹೇಳುವುದಿಲ್ಲ, ಚಟಕ್ ಚಟಕ್ ಎಂದು ಅರಳಿದ್ದನ್ನೆಲ್ಲ ಕಿತ್ತು ಬುಟ್ಟಿಗೆ. ನಾನು ಕಿಟಕಿಯಿಂದ ನೋಡುತ್ತ ಹಲ್ಲು ಕಚ್ಚುತ್ತಿದ್ದೆ. ನಮ್ಮ ಮೈಸೂರಿನ ಬೀದಿಯಲ್ಲೂ ಹೀಗೇ ಇತ್ತು. ಬೆಳಗಿನ ಹೊತ್ತು ಪ್ಲಾಸ್ಟಿಕ್ ಕವರ್ ಹಿಡಿದು, ಕಾಂಪೌಂಡಿನಾಚೆ ಬಗ್ಗಿದ ಕೊಂಬೆಯೆಲ್ಲ ತಮ್ಮದೇ ಎಂದು ಕೊಯ್ಯುವ ಹಿರಿಯರು. ದೇವರಿಗೆ ಎಂದುಬಿಟ್ಟರೆ ಮುಗಿಯಿತು, ಕಳ್ಳತನ ಭಕ್ತಿಯಾಗುತ್ತದೆ. ನಮ್ಮಮ್ಮ ಅಂಥವರ ಮೇಲೆ ನೀರು ಎರಚಿದ್ದಳು. ನನಗೆ ಆ ಸ್ವಾತಂತ್ರ್ಯವಿರಲಿಲ್ಲ, ಬಾಡಿಗೆದಾರಳು.

ನನ್ನ ಗಂಡನಾದರೋ ಬಕೆಟ್ ಕೆಳಗಿಟ್ಟು, “ಬೇಕಾದಷ್ಟು ತಗೊಳ್ಳಿ ಆಂಟಿ” ಎನ್ನುತ್ತಿದ್ದರು.

“ಗಿಡದಾಗ ಒಣಗಬಾರದಪಾ, ದೇವರಿಗೆ ಏರಬೇಕು” ಎನ್ನುತ್ತಿದ್ದರು ಆಂಟಿ.

ಒಳಗೆ ಬಂದ ಮೇಲೆ ನಾನು ಗಂಡನನ್ನು ತರಾಟೆಗೆ ತೆಗೆದುಕೊಂಡೆ. “ಗಿಡದಲ್ಲಿ ಒಣಗಲಿಲ್ಲ ಅಂದ್ರೆ ಬೀಜ ಎಲ್ಲಿಂದ ಬರುತ್ತೆ? ಮುಂದಿನ ವರ್ಷ ಮತ್ತೆ ಕೊಳೆತ ಹಾರ ಆರಿಸ್ಕೊಂಡು ಬರ್ಲಾ?”

ಅವರಿಗೂ ಅದು ಹೌದೆನಿಸಿತು. ಮುಂದಿನ ವರ್ಷ ಹಿತ್ತಿಲಿನ ಇನ್ನೊಂದು ಬದಿಗೂ ಹಾಕಬೇಕೆಂದು ಅವರು ಆಗಲೇ ಕಾಗದದ ಮೇಲೆ ನಕ್ಷೆ ಬರೆದಿಟ್ಟಿದ್ದರು. ಮುಂದಿನ ವರ್ಷ ಎಂಬ ಮಾತು ಆ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ. ಆಗಸ್ಟ್‌ನಲ್ಲಿ ಒಂದು ಸಂಜೆ ಕುಳಿತು, ಒಂದೊಂದು ಗಿಡವನ್ನೂ ಸುತ್ತಿ, ಎಲ್ಲಕ್ಕಿಂತ ದಪ್ಪನೆಯ ಹನ್ನೆರಡು ಹೂ ಆರಿಸಿದರು, ಬೀಜಕ್ಕೆ. ಗುರುತಿಗೆ ಏನಾದರೂ ಕಟ್ಟಬೇಕಲ್ಲ, ಅಂಗಡಿಯ ಪೂಜಾ ಸಾಮಾನಿನ ಕಡೆಯಿಂದ ನಾನು ತಂದಿದ್ದ, ಸಿಕ್ಕುಸಿಕ್ಕಾಗಿ ಯಾರೂ ಕೊಳ್ಳದ ಅರಿಶಿನದ ದಾರದ ಉಂಡೆ ಇತ್ತು. ಅದರಲ್ಲೇ ಒಂದೊಂದು ತುಂಡು ಹರಿದು ಹನ್ನೆರಡು ತೊಟ್ಟಿಗೂ ಕಟ್ಟಿದರು.

“ಆಂಟಿಗೊಂದು ಮಾತು ಹೇಳ್ಬಿಡು” ಎಂದರು.

“ನಾನ್ಯಾಕೆ ಹೇಳ್ಲಿ? ಕಣ್ಣಿಲ್ವಾ ಅವರಿಗೆ? ದಾರ ಕಟ್ಟಿದ್ರೆ ಯಾಕೆ ಅಂತ ಗೊತ್ತಾಗಲ್ವಾ?”

“ಹಂಗಾದ್ರೆ ನಾನೇ ಹೇಳ್ತೀನಿ.”

“ಬೇಡ. ನೀವು ಹೇಳಿದ್ರೆ ಬೇಡಿದ ಹಾಗಿರುತ್ತೆ. ಬಾಯಿ ಮುಚ್ಕೊಂಡಿರಿ.”

ಮರುದಿನ ಆಂಟಿ ಬಂದರು, ದಾರ ನೋಡಿದರು, ಆ ಹೂಗಳನ್ನು ಬಿಟ್ಟು ಉಳಿದದ್ದನ್ನು ಕೊಯ್ದರು. ಅದರ ಮರುದಿನವೂ ಹಾಗೆಯೇ. ನನಗೆ ಗೆದ್ದಷ್ಟು ಖುಷಿ. ನೋಡಿ, ಹೇಳದೇ ಅರ್ಥ ಆಯ್ತಲ್ಲ ಎಂದು ಗಂಡನ ಮುಂದೆ ಜಂಬ ಕೊಚ್ಚಿಕೊಂಡೆ. ಅವರು ಮಾತ್ರ ಇನ್ನೊಮ್ಮೆ, ಯಾವುದಕ್ಕೂ ಒಂದು ಮಾತು ಹೇಳೋದು ವಾಸಿ ಎಂದರು. ನಾನು ಸೊಪ್ಪು ಹಾಕಲಿಲ್ಲ.

ಐದನೇ ದಿನ ಶ್ರಾವಣ ಶುಕ್ರವಾರ. ಅಂಗಡಿಯಲ್ಲಿ ಆ ದಿನ ವಿಪರೀತ ರಶ್ಶು, ನಾನು ಬೆಳಗ್ಗೆ ಆರಕ್ಕೇ ಹೊರಟು ಐದಕ್ಕೆ ಬಂದೆ. ಸಂಜೆ ಆಂಟಿ ಮೇಲಿನ ಮನೆಗೆ ಅರಿಶಿನ-ಕುಂಕುಮಕ್ಕೆ ಕರೆದಿದ್ದರು. ಹಿತ್ತಿಲಿನ ಕಡೆ ನೋಡಲೂ ಪುರುಸೊತ್ತಿಲ್ಲದೆ ಇದ್ದೊಂದು ರೇಷ್ಮೆ ಸೀರೆ ಸುತ್ತಿಕೊಂಡು ಮುಂಬಾಗಿಲಿನಿಂದ ಹೋದೆ. ಒಳಗೆ ಹದಿನೈದು-ಇಪ್ಪತ್ತು ಹೆಂಗಸರು, ಎಲ್ಲರೂ ಮೈತುಂಬ ಝಗಝಗ. ಮಂಟಪದಲ್ಲಿ ದೇವಿಯ ಬೆಳ್ಳಿ ಮುಖ. ಅದರ ಸುತ್ತ ನನ್ನ ಗಂಡ ಆರಿಸಿದ ಹನ್ನೆರಡು ಹೂ. ತೊಟ್ಟಿನಲ್ಲಿ ದಾರ ಹಾಗೆಯೇ ಇತ್ತು.

ಯಾರೋ ಒಬ್ಬರು, “ಆಂಟಿ, ಇಷ್ಟು ಫ್ರೆಶ್ ಆಗಿ ಎಲ್ಲಿ ಸಿಕ್ತು? ನಾವು ಬೊಕೆ ತಂದಿದ್ದು ವೇಸ್ಟ್” ಎಂದರು.

ಆಂಟಿ ನನ್ನ ಭುಜ ಹಿಡಿದು ಮುಂದಕ್ಕೆ ತಂದರು. “ನಮ್ಮ ಕೆಳಗಿನಾಕಿ ಬೆಳಸ್ಯಾಳ ನೋಡ್ರಿ. ಎಷ್ಟು ಭಕ್ತಿ ಅಂತೀರಿ! ದೇವಿಗೆಂತನ ಅರಿಷಿಣದ ದಾರ ಕಟ್ಟಿ ಮೀಸಲಿಟ್ಟಿದ್ಲು. ನಾ ನಾಕ ದಿವಸ ಮುಟ್ಟೇ ಇಲ್ಲ, ಇವತ್ತಽ ಕೊಯ್ದು ಏರಿಸಿದೆ.”

ಅವರು ಹೊಗಳುತ್ತಿದ್ದರು. ಎಲ್ಲರ ಎದುರು, ನನ್ನ ಹೆಸರಿಗೆ ಪುಣ್ಯ ಕಟ್ಟುತ್ತಿದ್ದರು. ಅದು ಈಗ ಕಾಣುತ್ತದೆ. ಆಗ ನನಗೆ ಕಂಡದ್ದು ಆ ಬೆಳ್ಳಿ ಮುಖ, ಆ ಝಗಝಗ, “ಕೆಳಗಿನಾಕಿ” ಎಂಬ ಮಾತು.

“ದೇವರಿಗಲ್ಲ ಆಂಟಿ, ಬೀಜಕ್ಕೆ ಬಿಟ್ಟಿದ್ದು. ಕೊಯ್ಯೋ ಮುಂಚೆ ಒಂದು ಮಾತು ಕೇಳೋಕೆ ಬಾಯಿಲ್ವಾ ನಿಮಗೆ?” ಎಂದೆ. ದನಿ ನನಗೇ ಜೋರಾಗಿ ಕೇಳಿಸಿತು.

ಆಂಟಿಯ ಮುಖ ಸಣ್ಣದಾಯಿತು. “ನೀ ಹೇಳಬೇಕಿತ್ತಲ್ಲವಾ” ಎಂದರು ಮೆಲ್ಲಗೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. “ಜೂನಿಂದ ದಿನಾ ಕೊಯ್ತಿದ್ದೀರಲ್ಲ, ಒಂದು ದಿನ ಕೇಳಿದ್ದೀರಾ? ಮನೆಯಲ್ಲಿ ಇಷ್ಟೆಲ್ಲ ಇದ್ದೂ ಇಲ್ಲದವರ ಗಿಡದ ಮೇಲೇ ಕಣ್ಣು” ಎಂದುಬಿಟ್ಟೆ. ಹೂ ಬಂದದ್ದೇ ಜುಲೈನಲ್ಲಿ, ಸಿಟ್ಟಿನಲ್ಲಿ ಒಂದು ತಿಂಗಳು ಸೇರಿಸಿದ್ದೆ.

ಈ ಸಲ ಆಂಟಿಯ ದನಿಯೂ ಗಟ್ಟಿಯಾಯಿತು. “ನಮ್ಮ ಹಿತ್ತಲದಾಗ ಹೂ ಕೊಯ್ಯಲಿಕ್ಕೆ ನಾ ನಿನ್ನ ಕೇಳಬೇಕೇನು?”

ಕುಂಕುಮ ತೆಗೆದುಕೊಳ್ಳದೆ, ತಾಂಬೂಲ ಮುಟ್ಟದೆ ಎದ್ದು ಬಂದೆ. ಶುಕ್ರವಾರ ಮುತ್ತೈದೆ ಹಾಗೆ ಬರಿಗೈಯಲ್ಲಿ ಹೊರಟರೆ ಆ ಮನೆಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅದು ಗೊತ್ತಿದ್ದೇ ಹಾಗೆ ಮಾಡಿದೆ. ಮನೆಯನ್ನು ಬಳಸಿ ಹಿತ್ತಿಲಿಗೆ ಬಂದೆ. ಇನ್ನೂ ಬೇಕಾದಷ್ಟು ಬೆಳಕಿತ್ತು. ಹಿತ್ತಲು ನಿಮ್ಮದಾ, ತಗೊಳ್ಳಿ ನಿಮ್ಮ ಹಿತ್ತಲು ಎಂದುಕೊಂಡು ಮೊದಲ ಗಿಡಕ್ಕೆ ಕೈ ಹಾಕಿದೆ. ರಟ್ಟು, ತರಗೆಲೆ ಎಲ್ಲ ಕರಗಿ ಮಣ್ಣು ಎಷ್ಟು ಮೆತ್ತಗಾಗಿತ್ತೆಂದರೆ ಗಿಡ ಎಳೆದ ತಕ್ಷಣ ಬೇರು ಸಮೇತ ಬಂತು. ಎರಡನೆಯದು, ಮೂರನೆಯದು. ಅಕ್ಕಿ ಚೀಲಗಳನ್ನು ಒದ್ದು ಉರುಳಿಸಿದೆ. ಮೇಲಿನ ಮನೆಗಂಟಿದ ಮರದ ಡೆಕ್ಕಿನ ಮೇಲೆ ಹೆಂಗಸರು ಬಂದು ನಿಂತದ್ದು ಗೊತ್ತಾಯಿತು. ನೋಡಲಿ ಎಂದೇ ಕಿತ್ತೆ. ಸೀರೆಯ ನೆರಿಗೆಯೆಲ್ಲ ಕೆಸರು, ಉಗುರಿನಲ್ಲಿ ರಕ್ತ. ನನಗೆ ಸುಖವಾಗುತ್ತಿತ್ತು. ಅದನ್ನು ಮುಚ್ಚಿಡುವುದಿಲ್ಲ. ಒಂದು ವರ್ಷದಿಂದ ಯಾರ್‍ಯಾರಿಗೋ ಹೇಳಬೇಕಾಗಿದ್ದದ್ದನ್ನೆಲ್ಲ ಆ ಗಿಡಗಳ ಮೇಲೆ ತೀರಿಸಿಕೊಂಡೆ.

ಕೊನೆಯ ಗಿಡ ಕಿತ್ತು ತಲೆ ಎತ್ತಿದಾಗ ನಮ್ಮ ಬಾಗಿಲಿನಲ್ಲಿ ಗಂಡ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ನಾನು ಏದುಸಿರು ಬಿಡುತ್ತ, “ನೀವು ಆರ್ಸಿದ್ ಹನ್ನೆರಡೂ ಕಿತ್ಕೊಂಡಿದ್ದಾರೆ ಕಣ್ರೀ, ಹನ್ನೆರಡೂ” ಎಂದೆ.

“ಗೊತ್ತು. ಬೆಳಗ್ಗೆ ನೀರು ಹಾಕುವಾಗ ನನ್ನೆದುರಿಗೇ ಕೊಯ್ದರು. ದೇವರಿಗೆ ಅಂತ ಅನ್ಕೊಂಡಿದ್ರು ಪಾಪ. ನಾನೂ ಸುಮ್ಮನಾದೆ.”

“ಸುಮ್ಮನಾದ್ರಾ?”

ಅವರು ಬಗ್ಗಿ ಒಂದು ಗಿಡವನ್ನು ಎತ್ತಿಕೊಂಡರು. ಬೇರಿನ ಮಣ್ಣನ್ನು ಕೊಡವಲಿಲ್ಲ. ಅದರ ಕೊಂಬೆಗಳನ್ನು ಒಂದೊಂದಾಗಿ ಬಿಡಿಸಿ ನನಗೆ ತೋರಿಸಿದರು, ಕೊಂಬೆ ಕೊಂಬೆಗೂ ಹಸಿರು ಗುಂಡುಗಳು.

“ಇನ್ನೂ ಮೊಗ್ಗಿತ್ತಲ್ಲೇ. ನವೆಂಬರ್ ತನಕ ಬಿಡ್ತಿತ್ತು. ಬೇರೆ ಹನ್ನೆರಡಕ್ಕೆ ಕಟ್ಟೋಣ ಅಂತ ದಾರ ತೆಗೆದಿಟ್ಟಿದ್ದೆ.”

ಅವರು ಬೈದಿದ್ದರೆ ನಾನೂ ಬೈಯಬಹುದಿತ್ತು. ಅವರು ಬೈಯಲಿಲ್ಲ. ಕತ್ತಲಾಗುವವರೆಗೆ ಗಿಡಗಳನ್ನು ಒಂದೊಂದಾಗಿ ಮತ್ತೆ ನೆಟ್ಟರು, ಬಕೆಟಿನಲ್ಲಿ ನೀರು ತಂದು ಹಾಕಿದರು. ನಾನು ಮೆಟ್ಟಿಲ ಮೇಲೆ ಕುಳಿತು ನೋಡಿದೆ, ಸಹಾಯಕ್ಕೆ ಹೋಗಲಿಲ್ಲ. ಆಗಸ್ಟಿನ ಬಿಸಿಲು ಅದು. ಶನಿವಾರ ಮಧ್ಯಾಹ್ನಕ್ಕೆ ಎಲ್ಲವೂ ತಲೆ ಬಗ್ಗಿಸಿದವು, ಭಾನುವಾರ ಸಂಜೆಗೆ ಎಲೆ ಮುಟ್ಟಿದರೆ ಪುಡಿ. ಅಂಕಲ್ ಕೆಳಗಿಳಿದು ಬಂದು ತಾಂಬೂಲದ ಚೀಲವನ್ನು ಬಾಗಿಲ ಬಳಿಯಿಟ್ಟು ಹೋದರು. ನಾನು ಅದನ್ನು ಒಳಗೆ ತರಲಿಲ್ಲ. ಆಂಟಿಗೆ ಆಮೇಲೂ ಕ್ಷಮೆ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ, ಬರೆಯುವಾಗಲೂ ಅವರ ಮೇಲೆ ಸಿಟ್ಟು ಪೂರ್ತಿ ಹೋಗಿಲ್ಲ.

ಸೋಮವಾರ ನನಗೆ ಆರಕ್ಕೆ ಎಚ್ಚರವಾಯಿತು. ಬಕೆಟ್ ಸದ್ದು ಇರಲಿಲ್ಲ. ಏಳಾಯಿತು, ಎಂಟಾಯಿತು. ನಾನು ಕಾಫಿ ಮಾಡಿ ಹಾಸಿಗೆಯ ಪಕ್ಕಕ್ಕೆ ತಂದೆ. ಅವರು ಎಚ್ಚರವಾಗಿಯೇ ಇದ್ದರು, ಕಣ್ಣು ತೆರೆದಿತ್ತು.

“ಏಳಿ” ಎಂದೆ.

“ಯಾಕೆ?” ಎಂದು ಕೇಳಿದರು. ಕೊಂಕಿನಿಂದ ಅಲ್ಲ, ನಿಜಕ್ಕೂ ಗೊತ್ತಿಲ್ಲದವರ ಹಾಗೆ ಕೇಳಿದರು. ನಾನು ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.